ಡೋರ್ ನಂಬ್ರ ಇಲ್ಲದ ನೀರು

ಪಂಚಾಯತಿನ ಕಿಟಕಿಯಲ್ಲಿ ಹೇಳಿದರು:
ನಳ್ಳಿಗೆ ಡೋರ್ ನಂಬ್ರ ಬೇಕು.
ಡೋರ್ ನಂಬ್ರಕ್ಕೆ ಡೋರ್ ಬೇಕು.
ಡೋರಿಗೆ ಗೋಡೆ, ಗೋಡೆಗೆ ಗಾರೆ,
ಗಾರೆಗೆ—
ಅಲ್ಲಿಗೆ ಗುಮಾಸ್ತ ಚಾ ಕುಡಿಯಲು ಎದ್ದ.
'ತಾತ್ಕಾಲಿಕ' ಎಂಬಲ್ಲಿ ಗೀಟು ಹಾಕಿ ಕೊಟ್ಟು ಬಂದೆ,
ಎಷ್ಟು ದಿನಕ್ಕೆ ಎಂಬ ಕಾಲಂ ಖಾಲಿ ಬಿಟ್ಟು.

ನನ್ನದೇ ಐದು ಸೆಂಟ್ಸಿನಲ್ಲಿ ಮೊದಲು ಬಾವಿ ತೋಡಿಸಿದ್ದೆ.
ನೀರು ನೋಡುವವನ ಅಂಗೈಯಲ್ಲಿ
ತೆಂಗಿನಕಾಯಿ ಎದ್ದು ನಿಂತಿತು;
ಇಪ್ಪತ್ತೆರಡು ಕೋಲು ಇಳಿದರೂ ನೀರು ಏಳಲಿಲ್ಲ.
ಕರಿಗಲ್ಲು ಸಿಕ್ಕಿತು. ಕಲ್ಲಿಗೂ ದುಡ್ಡು ಕೊಟ್ಟೆ.

ಟ್ಯಾಂಕರ್ ಬಂತು ಕಟಪಾಡಿ ಕಡೆಯಿಂದ,
ಮೋರಿಯ ಹತ್ತಿರವೇ ನಿಂತಿತು, ಓಣಿ ಸಣ್ಣದು.
ರುಕ್ಕಯ್ಯ ಮೇಸ್ತ್ರಿ ಒಂದು ಹನಿ ನಾಲಗೆಗಿಟ್ಟು
ಉಗುಳಿದ: 'ಉಪ್ಪು. ಕಂಬಿ ತಿಂತದೆ.
ಹತ್ತು ವರ್ಷ ಬಿಟ್ಟು ಮಾಡು ನಿಮ್ಮ ತಲೆ ಮೇಲೆ ಬೀಳ್ತದೆ,
ಆಗ ರುಕ್ಕಯ್ಯನ ಹೆಸರು ಹಾಳು.'

ಉಳಿದದ್ದು ಓಣಿಯಾಚೆಯ ಅಪ್ಪಿಬಾಯಿ,
ಅವಳ ಬಾವಿ, ಅವಳ ಎಪ್ಪತ್ತು ಮಲ್ಲಿಗೆ ಗಿಡ.
ನನ್ನ ಬಸ್ಸಿಗೆ ಹನ್ನೆರಡು ವರ್ಷದಿಂದ
ಚಿಲ್ಲರೆ ಸರಿಯಾಗಿ ತರುವ ಒಬ್ಬಳೇ ಹೆಂಗಸು.
'ಗಿಡಕ್ಕೆ ಬಿಟ್ಟ ಮೇಲೆ, ಮೂರೂವರೆಯಿಂದ ನಾಲ್ಕೂವರೆ.
ಕರೆಂಟಿನ ದುಡ್ಡು ಬೇರೆ' ಅಂದಳು.
ಬೆಳಗಿನದ್ದಾ ಸಂಜೆಯದ್ದಾ, ಕೇಳಿದೆ.
'ಸಂಜೆ ನೀನು ಎಲ್ಲಿರ್ತಿ?'
ಹೌದು. ಸಂಜೆ ನಾನು ಫುಟ್‌ಬೋರ್ಡಿನಲ್ಲಿರುತ್ತೇನೆ.

ಮೂರು ಸುರುಳಿ ಹಸಿರು ಪೈಪು,
ಸೈಕಲ್ ಟ್ಯೂಬಿನ ಪಟ್ಟಿ ಬಿಗಿದ ಎರಡು ಜಾಯಿಂಟು,
ಓಣಿ ದಾಟುವಲ್ಲಿ ಮೇಲೊಂದು ಹಳೆ ಟಯರಿನ ತುಂಡು.
ಹಾಲಿನ ಆಟೋ ಹಾದಾಗ
ಸ್ಲ್ಯಾಬಿನ ಮೇಲೆ ನನ್ನ ಕೈಯಲ್ಲಿ
ಪೈಪು ಒಮ್ಮೆ ಬಿಕ್ಕುತ್ತದೆ,
ಮತ್ತೆ ಬರುತ್ತದೆ ನೀರು, ಏನೂ ಆಗದವರ ಹಾಗೆ.

ರುಕ್ಕಯ್ಯ ಸ್ಲ್ಯಾಬಿಗೆ ಸಣ್ಣ ಬದು ಕಟ್ಟಿ
ಒಂಬತ್ತು ಗದ್ದೆ ಮಾಡಿದ್ದ.
ಕತ್ತಲಲ್ಲಿ ಒಂದೊಂದೇ ತುಂಬುತ್ತಿದ್ದೆ.
ಗೋಡೆಗೆ ಬಾಗಿಲಿಲ್ಲ, ಕಿಟಕಿಗೆ ಸರಳಿಲ್ಲ,
ನಾವು ಯಾರೂ ಒಂದು ರಾತ್ರಿ ಮಲಗಿಲ್ಲ ಅಲ್ಲಿ;
ನಮಗಿಂತ ಮೊದಲು ನೀರು ವಾಸಕ್ಕೆ ಬಂದಿತ್ತು,
ಅದೂ ಮಾಡಿನ ಮೇಲೆ.

ಐದನೆಯ ದಿನ ಅಪ್ಪಿಬಾಯಿ ಬಂದಳು,
ಕೈಯಲ್ಲಿ ಬಾವಿಯ ಹಗ್ಗ.
'ಏಳು ಗಂಟು ಒದ್ದೆ ಆಗ್ತಿತ್ತು. ನೋಡು, ಈಗ ಮೂರು.
ಮದುವೆ ಸೀಸನ್. ನಿನ್ನ ಸ್ಲ್ಯಾಬು
ದಿನಕ್ಕೆ ಅರ್ಧ ಅಟ್ಟೆ ಮಲ್ಲಿಗೆ ಕುಡೀತದೆ.'
ನನ್ನಲ್ಲಿ ಉತ್ತರ ಇರಲಿಲ್ಲ.
ಅವಳಿಗೆ ಬೇಕಾಗಿಯೂ ಇರಲಿಲ್ಲ.
ಸೀರೆ ಎತ್ತಿ ಕಟ್ಟಿ ಬಿದಿರೇಣಿ ಹತ್ತಿದಳು
ಅರವತ್ತೆಂಟರ ಹೆಂಗಸು,
ತನ್ನ ನೀರು ಎಲ್ಲಿಗೆ ಹೋಗುತ್ತದೆ ನೋಡಲು.

ಒಂಬತ್ತು ಗದ್ದೆಯಲ್ಲಿ ಒಂಬತ್ತು ತುಂಡು ಆಕಾಶ,
ಮೂಲೆಯದರಲ್ಲಿ ಒಂದು ಕಾಗೆ ಮೀಯುತ್ತಿತ್ತು.
'ಇಷ್ಟೇಯಾ?'
ಕೂತು ಕೈ ಅದ್ದಿದಳು. ತೆಗೆಯಲಿಲ್ಲ.
'ಬೆಚ್ಚಗುಂಟು.'
ಒಳಗೆ ಸಿಮೆಂಟು ಕಾಯ್ತದೆ ಬಾಯಿ, ಅಂದೆ.
'ಜ್ವರ ಬಂದವರಿಗೆ ಇಡೀ ಬಾವಿ ಹೊಯ್ತಾರಾ ಪೆದ್ದ?
ಒದ್ದೆ ಬಟ್ಟೆ ಹಾಕ್ತಾರೆ.'
ಸಂಜೆಗೆ ಅವಳ ಕೊಟ್ಟಿಗೆಯಿಂದ ಬಂದವು
ಹಿಂಡಿಯ ವಾಸನೆಯ ಹದಿನಾರು ಗೋಣಿ.
ದಿನ ಬಿಟ್ಟು ದಿನ, ಅರ್ಧ ಗಂಟೆ ನೀರು.
ಇಪ್ಪತ್ತೊಂದು ದಿನ ತುಂಬುವ ತನಕ
ನನ್ನ ಮನೆ ಗೋಣಿ ಹೊದ್ದು ಮಲಗಿತು.

ಒಕ್ಕಲಿನ ದಿನ ಅಂಚೆಯಲ್ಲಿ ಬಂತು ಕಾಗದ:
ತಮ್ಮ ಕಟ್ಟಡ ಕಾಮಗಾರಿಗೆ ತಾತ್ಕಾಲಿಕ
ನೀರಿನ ಸಂಪರ್ಕ ಮಂಜೂರಾಗಿದೆ.
ಪಾಯಸ ಬಡಿಸುತ್ತಿದ್ದವರೆಲ್ಲ ನಕ್ಕರು.
ಅಪ್ಪಿಬಾಯಿ ನಗಲಿಲ್ಲ.
'ಡೆಪಾಸಿಟ್ ವಾಪಸ್ ಕೇಳು' ಅಂದಳು.

ಈಗಲೂ ಹತ್ತೂವರೆಯ ಟ್ರಿಪ್ಪಿಗೆ
ಶಂಕರಪುರದಲ್ಲಿ ಹತ್ತುತ್ತಾಳೆ, ಬಾಳೆಲೆಯ ಕಟ್ಟು ಹೊತ್ತು.
ಲಗೇಜಿನ ಐದು ರೂಪಾಯಿ ಎಣಿಸಿ ಕೊಡುತ್ತಾಳೆ,
ಬೇಡ ಅನ್ನುವ ಧೈರ್ಯ ನನಗಿನ್ನೂ ಬಂದಿಲ್ಲ.
ಡ್ರೈವರನ ಹಿಂದೆ, ನೆರಳಿನ ಬದಿಗೆ ಇಡುತ್ತೇನೆ.
ರೈಟ್ ಅನ್ನುತ್ತೇನೆ.
ತಿರುವಿನಲ್ಲಿ ಕಟ್ಟಿನಿಂದ ನೀರು ಜಿನುಗಿ
ನನ್ನ ಚಪ್ಪಲಿಯ ತನಕ ಬರುತ್ತದೆ,
ಮತ್ತೆ ಬಸ್ಸು ವಾಲಿದ ಕಡೆಗೆ ಹೋಗುತ್ತದೆ.